ಕೊನೆಯ ಮಟ್ಟಿನ ಪಿಟೀಲು

“ಇನ್ನೊಂದ್ಸಲ ಹಾಕು” ಎಂದಳು ವರ್ನಾ ಟಾಲಿವರ್.

ಗಾರ್ನೆಟ್ ಡಲ್ಟನ್ ನಿಟ್ಟುಸಿರು ಬಿಟ್ಟು ಟೇಪಿನ ಚಕ್ರಗಳನ್ನು ಹಿಂದಕ್ಕೆ ಓಡಿಸಿದ. ಬೆಳಗಿನಿಂದ ಅವನು ಅದೊಂದೇ ಮಟ್ಟನ್ನು ಹಾಕುತ್ತಿದ್ದ. ಇಬ್ಬರ ಕಾಫಿಯೂ ಲೋಟದಲ್ಲೇ ಆರಿಹೋಗಿತ್ತು.

“ನಿನ್ನ ಕಿವಿ ಸವೆಯುತ್ತೋ ಇಲ್ವೋ, ನನ್ನ ಟೇಪಂತೂ ಸವೆಯುತ್ತೆ ತಾಯೀ” ಎಂದು ಗೊಣಗಿ ಗುಂಡಿ ಒತ್ತಿದ.

ಅವನು ರೆಕಾರ್ಡಿಂಗ್ ಕೋಣೆ ಮಾಡಿಕೊಂಡಿದ್ದ ಹಳೆಯ ಚರ್ಚಿನ ಮರದ ಗೋಡೆಗಳ ನಡುವೆ ಮತ್ತೆ ಆ ಪಿಟೀಲು ಎದ್ದಿತು. ಹಿಂದೆಯೇ ಹಾರ್ಲೆಸ್ ಫಿಪ್ಸ್‌ನ ಬ್ಯಾಂಜೊ. ಬೇರೆ ವಾದ್ಯವಿಲ್ಲ. ‘ಕೆಂಪು ಹೋರಿ ಹೊಳೆ ದಾಟಿತು’ ಎಂಬ ಕುಣಿತದ ಮಟ್ಟು ಅದು. ಸೋರೆಲ್ ಗ್ಯಾಪ್ ಮೇಳದವರು ಹೊರತಂದ ಮೊದಲ ರೆಕಾರ್ಡಿನಲ್ಲಿ ಕಟ್ಟಕಡೆಯದು.

ಈ ಪಿಟೀಲು ನುಡಿಸಿದ ಎಸ್ಟೆಲ್ ಸ್ಟರ್ಜಿಲ್, ಹೋದ ಅಕ್ಟೋಬರಿನ ನೆರೆಯಲ್ಲಿ ದನ ಬಿಡಿಸಲು ದೋಣಿ ಇಳಿಸಿದವನು, ತಿರುಗಿ ಬಂದಿರಲಿಲ್ಲ. ದೋಣಿಯ ಹಲಗೆಗಳು ಸಿಕ್ಕಿದ್ದವು. ದೇಹ ಸಿಕ್ಕಿರಲಿಲ್ಲ. ಅವನು ಸತ್ತನೆಂದು ನ್ಯಾಯಾಧೀಶರೇ ಈ ಬೇಸಿಗೆಯಲ್ಲಿ ಒಪ್ಪಿ ಬರೆದುಕೊಟ್ಟಿದ್ದರು.

ಒಪ್ಪದವಳು ಒಬ್ಬಳೇ. ಅವನ ತಾಯಿ ಒರ್ಲೀನಾ. ರೇಡಿಯೋದಲ್ಲಿ ಈ ಮಟ್ಟು ಕೇಳಿದ ಮರುದಿನವೇ ಆಕೆ ವರ್ನಾಳ ಬಾಗಿಲಿಗೆ ಬಂದು ಕೂತಿದ್ದಳು. “ಇದು ನಮ್ಮಪ್ಪನ ಮಟ್ಟು. ನನ್ನ ಮಗನಿಗೆ ನಾನೇ ಬಾಯಲ್ಲಿ ಹಾಡಿ ಕಲಿಸಿದ್ದು. ಮೇಲಿನ ಸ್ವರಾನ ಕಿರುಬೆರಳಲ್ಲಿ ಕುಕ್ಕೋನು ಅವನು. ಈ ರೆಕಾರ್ಡಲ್ಲಿ ಕುಕ್ಕಲ್ಲ, ಜಾರಿಸ್ತಾನೆ. ಅವನ ಕೈಗೆ ಏನೋ ಆಗಿದೆ ವರ್ನಾ. ನದಿಗೆ ಹೋದಾಗ ಅವನ ಕೈ ನೆಟ್ಟಗಿತ್ತು.”

ಮುದುಕಿಯ ಹಂಬಲ ಎಂದು ಊರೆಲ್ಲ ಮರುಗಿತ್ತು. ವರ್ನಾಳಿಗೂ ಹಾಗೇ ಅನ್ನಿಸಿತ್ತು. ಇಲ್ಲಿಗೆ ಬರುವವರೆಗೆ.

ಈಗ ಅವಳು ತಲೆ ವಾರೆ ಮಾಡಿಕೊಂಡು ಕೇಳುತ್ತಿದ್ದಳು. ಕೌಂಟಿ ಪೊಲೀಸಿನಲ್ಲಿ ಇದ್ದಷ್ಟು ಕಾಲವೂ ಅವಳು ತಪ್ಪಿತಸ್ಥರ ಮಾತನ್ನು ಹೀಗೇ ಕೇಳುತ್ತಿದ್ದಳು. ಅವರು ಹೇಳುವುದನ್ನಲ್ಲ, ಅದರ ಹಿಂದಿನ ಸದ್ದನ್ನು.

“ನಿಲ್ಲಿಸು. ಅದೇನದು?”

“ಯಾವುದು?”

“ಪಿಟೀಲಿನ ಕೆಳತಂತಿ ನುಡಿದಾಗೆಲ್ಲ ಹಿಂದೊಂದು ಸದ್ದು. ಜೇನ್ನೊಣ ಸೀಸೆಯೊಳಗೆ ಸಿಕ್ಕಿಕೊಂಡ ಹಾಗೆ. ಮನೇಲಿ ರೆಕಾರ್ಡು ಹಾಕಿದಾಗಲೂ ಇತ್ತು.”

ಗಾರ್ನೆಟ್‌ನ ಮುಖ ಹುಳ್ಳಗಾಯಿತು. “ಅಯ್ಯೋ, ಅದಾ! ಅದನ್ನ ಯಾರಿಗೂ ಹೇಳ್ಬೇಡ ಮಾರಾಯ್ತಿ. ಆ ದರಿದ್ರ ಗಾಜು.”

ಅವನು ಪೂರ್ವದ ಕಿಟಕಿಯತ್ತ ಕೈ ತೋರಿದ. ಮೂಲೆಯಲ್ಲಿ ಒರಗಿಸಿದ್ದ ಆಳೆತ್ತರದ ದೊಡ್ಡ ಪಿಟೀಲಿನ ಬಳಿಗೆ ಹೋಗಿ ಅದರ ಒಂದು ತಂತಿ ಮೀಟಿದ. ಕಿಟಕಿಯ ಕೆಳಸಾಲಿನ ಗಾಜೊಂದು ತಕ್ಷಣ ಝುಂಯ್ ಎಂದಿತು.

“ಆ ಒಂದು ಸ್ವರಕ್ಕೇ ಅದಕ್ಕೆ ಮೈಮೇಲೆ ಬರೋದು. ಪುಟ್ಟಿ ಮೆತ್ತಿದೆ, ಬಟ್ಟೆ ತುರುಕಿದೆ, ಹೋಗ್ಲಿಲ್ಲ. ರೆಕಾರ್ಡಿನ ಉದ್ದಕ್ಕೂ ಅಲ್ಲಲ್ಲಿ ಕೂತ್ಬಿಟ್ಟಿದೆ. ಹಳೇ ಗಾಜು ಚೆನ್ನಾಗೇ ಇತ್ತು. ಈ ವರ್ಷ ಫೆಬ್ರವರಿ ಹಿಮಗಾಳಿಗೆ ಕೊಂಬೆ ಬಿದ್ದು ಒಡೆದುಹೋಯ್ತು. ಇದನ್ನ ನಾನೇ ಕೂರಿಸಿದ್ದು, ಅದಕ್ಕೇ ಈ ಗತಿ.”

ಗಾರ್ನೆಟ್ ತನ್ನ ಮಾತು ತನಗೇ ಕೇಳಿಸಿದವನಂತೆ ನಿಧಾನವಾಗಿ ತಂತಿಯಿಂದ ಕೈ ತೆಗೆದ.

“ಆದ್ರೆ ಈ ಮಟ್ಟು ಇಲ್ಲಿ ಹಿಡಿದದ್ದೇ ಅಲ್ವಲ್ಲ” ಎಂದ. “ಎರಡು ವರ್ಷದ ಹಿಂದೆ ಹಾರ್ಲೆಸ್ ತನ್ನ ಅಡುಗೆಮನೇಲಿ ಹಿಡಿದ ಟೇಪು. ಎಸ್ಟೆಲ್ ನೆನಪಿಗೆ ಸೇರ್ಸೋಣ ಅಂತ ಅವನೇ ತಂದುಕೊಟ್ಟ.”

“ಹಾಗಾದ್ರೆ ನೀನು ಕೂರಿಸಿದ ಗಾಜು ಹಾರ್ಲೆಸ್‌ನ ಅಡುಗೆಮನೆಗೆ ನಡ್ಕೊಂಡು ಹೋಗಿತ್ತಾ?”

ಗಾರ್ನೆಟ್ ಕುರ್ಚಿ ಎಳೆದುಕೊಂಡು ಕೂತ.

ಫೆಬ್ರವರಿ ಕಳೆದ ಮೇಲೆ, ಈ ಕೋಣೆಯಲ್ಲಿ, ಎಸ್ಟೆಲ್ ಸ್ಟರ್ಜಿಲ್ ಪಿಟೀಲು ನುಡಿಸಿದ್ದಾನೆ. ಅಂದರೆ ನದಿ ಅವನನ್ನು ಕೊಂದಿಲ್ಲ.

“ನೀನಿಲ್ಲದಾಗ ಇಲ್ಲಿನ ಕೀಲಿಕೈ ಯಾರ ಹತ್ರ ಇತ್ತು?” ಎಂದು ಕೇಳಿದಳು ವರ್ನಾ.

“ಈಸ್ಟರ್ ವಾರ ಮಗಳ ಮನೆಗೆ ಹೋಗಿದ್ದೆ, ರೋನೋಕ್‌ಗೆ. ಕೋಣೆ ಬೆಚ್ಚಗಿಡೋ ಒಲೆ ನೋಡ್ಕೊ ಅಂತ ಹಾರ್ಲೆಸ್‌ಗೆ ಕೊಟ್ಟಿದ್ದೆ.” ಅವನ ದನಿ ಇಳಿಯಿತು. “ವರ್ನಾ, ಶನಿವಾರ ಅವನ ಮದುವೆ.”

“ಗೊತ್ತು. ಎಸ್ಟೆಲ್‌ನ ಹೆಂಡತಿ ಜೊತೆ.”

ಹೊರಗೆ ಜಲ್ಲಿಯ ಮೇಲೆ ಗಾಡಿಯೊಂದು ಬಂದು ನಿಂತ ಸದ್ದಾಯಿತು. ಹಾರ್ಲೆಸ್ ಫಿಪ್ಸ್ ರೆಕಾರ್ಡಿನ ಪೆಟ್ಟಿಗೆಗಳನ್ನು ಒಯ್ಯಲು ಬಂದಿದ್ದ.

*

ಹಾರ್ಲೆಸ್ ಬಾಗಿಲಲ್ಲಿ ಟೊಪ್ಪಿಗೆ ತೆಗೆದ. ಚರ್ಚು ರೆಕಾರ್ಡಿಂಗ್ ಕೋಣೆಯಾದ ಮೇಲೂ ಅವನಿಗೆ ಆ ಅಭ್ಯಾಸ ಹೋಗಿರಲಿಲ್ಲ. ಉದ್ದನೆಯ ಮೈ, ಉದ್ದನೆಯ ಬೆರಳು, ಯಾರ ಮನಸ್ಸನ್ನೂ ನೋಯಿಸದ ಮಾತು. ಊರಿನಲ್ಲಿ ಯಾರಿಗೆ ಸೌದೆ ಸೀಳಬೇಕಾದರೂ ಅವನು ಹೋಗುತ್ತಿದ್ದ. ಎಸ್ಟೆಲ್‌ನ ಹೆಂಡತಿ ಡೆಲ್ಫಿಯಾ ವಿಧವೆಯಾದಾಗಿನಿಂದ ಅವಳ ಅಂಗಳದ ಸೌದೆಯೂ ಅವನದೇ.

“ಏನಮ್ಮಾ ವರ್ನಾ, ಬಿಲ್ಲೆ ಕಳಚಿಟ್ಟ ಮೇಲೂ ನಿನ್ನ ಪೊಲೀಸ್ ಬುದ್ಧಿ ಹೋಗಲಿಲ್ಲ ನೋಡು. ಪಾಪ, ಗಾರ್ನೆಟ್‌ನ ಮುಖ ಯಾಕೆ ಹೀಗೆ ಬಿಳಚಿಕೊಂಡಿದೆ?”

“ಗಾರ್ನೆಟ್, ಪೆಟ್ಟಿಗೆಗಳನ್ನ ಗಾಡಿಗೆ ಹಾಕ್ತಿರು” ಎಂದಳು ವರ್ನಾ.

ಗಾರ್ನೆಟ್ ತಡಮಾಡದೆ ಹೊರಗೆ ಹೋದ. ವರ್ನಾ ಚರ್ಚಿನ ಹಳೆಯ ಬೆಂಚೊಂದರ ಮೇಲೆ ಕೂತು ಪಕ್ಕದ ಜಾಗ ತೋರಿಸಿದಳು. ಹಾರ್ಲೆಸ್ ನಿಂತೇ ಇದ್ದ.

“ಬ್ಯಾಂಜೊ ತಂದಿದ್ದೀಯಾ?”

“ಗಾಡಿಯಲ್ಲಿದೆ. ಯಾಕೆ, ಕುಣೀತೀಯಾ?”

“ಬೇಡ ಬಿಡು, ಇದೇ ಸಾಕು.” ಅವಳು ಎದ್ದು ದೊಡ್ಡ ಪಿಟೀಲಿನ ತಂತಿಯನ್ನು ಗಾರ್ನೆಟ್ ಮೀಟಿದಂತೆಯೇ ಮೀಟಿದಳು. ಗಾಜು ಝುಂಯ್ ಎಂದಿತು. ಆಮೇಲೆ ಟೇಪಿನ ಗುಂಡಿ ಒತ್ತಿದಳು. ಕೆಳತಂತಿ ನುಡಿಯಿತು, ಹಿಂದೆಯೇ ಅದೇ ಝುಂಯ್.

ಹಾರ್ಲೆಸ್ ಕಿಟಕಿಯನ್ನು ನೋಡಿದ. ಟೇಪನ್ನು ನೋಡಿದ. ಮತ್ತೆ ಕಿಟಕಿಯನ್ನು ನೋಡಿದ. ಅವನಿಗೆ ಬಿಡಿಸಿ ಹೇಳಬೇಕಾಗಲಿಲ್ಲ. ಇಪ್ಪತ್ತು ವರ್ಷ ಬ್ಯಾಂಜೊ ನುಡಿಸಿದವನು.

“ಎಂಥಾ ಕಿವಿ ನಿನ್ನದು” ಎಂದ ಮೆಲ್ಲಗೆ.

“ನನ್ನದಲ್ಲ. ಒರ್ಲೀನಾಳದು. ನಾನು ಅವಳ ಹಿಂದೆ ಬಂದೆ ಅಷ್ಟೇ. ಎಸ್ಟೆಲ್ ಯಾವಾಗ ಬಂದ?”

ಹಾರ್ಲೆಸ್ ಬೆಂಚಿನ ತುದಿಯಲ್ಲಿ ಕೂತ. ಟೊಪ್ಪಿಗೆಯನ್ನು ಮಂಡಿಯ ಮೇಲಿಟ್ಟುಕೊಂಡ. ಹೊರಗೆ ಗಾರ್ನೆಟ್ ಪೆಟ್ಟಿಗೆ ಎತ್ತಿಡುವ ಸದ್ದು ಕೇಳುತ್ತಿತ್ತು.

“ಈಸ್ಟರ್‌ಗೆ ಮುಂಚಿನ ಗುರುವಾರ. ಒಲೆ ನೋಡೋಕೆ ಅಂತ ಬಂದೆ. ಹೊರಗೆ ಬಾಗಿಲ ಮೆಟ್ಟಿಲಲ್ಲೇ ಕೂತಿದ್ದ. ಗಡ್ಡ ಬಿಟ್ಟಿದ್ದ. ನನ್ನ ಜೀವ ಬಾಯಿಗೆ ಬಂತು ವರ್ನಾ.”

“ಎಲ್ಲಿದ್ದನಂತೆ ಅಷ್ಟು ದಿನ?”

“ನದಿ ಕೆಳಗಡೆ ಯಾರೋ ಹಂದಿ ಸಾಕೋರು ಎಳೆದು ಹಾಕಿಕೊಂಡರಂತೆ. ಬಂಡೆಗೂ ದೋಣಿಗೂ ನಡುವೆ ಎಡಗೈ ಸಿಕ್ಕು ಕಿರುಬೆರಳು ಜಜ್ಜಿ ಹೋಗಿತ್ತು. ಜ್ವರ, ಕೀವು. ಚಳಿಗಾಲ ಪೂರ್ತಿ ಅಲ್ಲೇ ಮಲಗಿದ್ದನಂತೆ.”

“ಒಂದು ಮಾತು ಹೇಳಿ ಕಳಿಸ್ಬಾರದಿತ್ತಾ? ತಾಯಿ ಇಲ್ಲಿ ಅತ್ತೂ ಅತ್ತೂ ಕಣ್ಣು ಕಳ್ಕೊಳ್ತಿದ್ದಳು.”

“ಪಿಟೀಲು ಹಿಡಿಯೋಕಾಗದ ಎಸ್ಟೆಲ್ ಅಂದ್ರೆ ಅವನ ಮಟ್ಟಿಗೆ ಸತ್ತ ಎಸ್ಟೆಲ್ಲೇ. ನಿನಗೂ ಗೊತ್ತು ಅವನ ಜಂಬ.” ಹಾರ್ಲೆಸ್ ಸಣ್ಣಗೆ ನಕ್ಕ. “ಉಳಿದ ಬೆರಳಲ್ಲೇ ಹೊಸದಾಗಿ ಕಲಿತಿದ್ದ. ‘ಹಾರ್ಲೆಸ್, ಬ್ಯಾಂಜೊ ತಗೋ, ಬರುತ್ತಾ ನೋಡೋಣ’ ಅಂದ. ನಾನೇ ಟೇಪು ಹಾಕಿದೆ. ನುಡಿಸಿದ್ವಿ.”

ಅವನು ಟೇಪಿನ ಚಕ್ರಗಳತ್ತ ತಿರುಗಿದ.

“ಅಂಥಾದ್ದು ನಾನು ಕೇಳಿರಲಿಲ್ಲ. ಮೊದಲು ಅವನು ಆ ಮಟ್ಟನ್ನ ಓಡಿಸೋನು. ಈಗ ಅದು ನಡೀತಿತ್ತು. ಕುಂಟೋ ಮನುಷ್ಯ ಮನೆಗೆ ನಡೆದ ಹಾಗೆ.”

“ಆಮೇಲೆ?”

“ಆಮೇಲೆ ಪಿಟೀಲು ಕೆಳಗಿಟ್ಟು ಹೇಳಿದ. ‘ನಾನು ಹೋಗ್ತೀನಿ. ನೀನು ಡೆಲ್ಫಿಯಾನ ನೋಡೋ ನೋಟ ನನಗೆ ಮುಂಚಿನಿಂದ ಗೊತ್ತು. ನನಗಿಂತ ಚೆನ್ನಾಗಿ ನೋಡ್ಕೊಳ್ತೀಯ. ನಾನು ಸತ್ತವನಾಗೇ ಇರ್ತೀನಿ. ಈ ಮಟ್ಟನ್ನ ರೆಕಾರ್ಡಿಗೆ ಹಾಕು, ಅಮ್ಮ ಕೇಳಿದ್ರೆ ನಾನು ಬದುಕಿದ್ದೀನಿ ಅಂತ ಅವಳೊಬ್ಬಳಿಗೆ ತಿಳಿಯುತ್ತೆ.’ ಅಷ್ಟು ಹೇಳಿ ಬೆಟ್ಟದ ಕಡೆ ಹೊರಟುಹೋದ.”

“ಯಾವ ಕಡೆ?”

“ಕೆಂಟಕಿ ಕಡೆ ಅಂದ. ನಾನು ಕೇಳಲಿಲ್ಲ. ಅವನು ಕೊಡ್ತಿದ್ದದ್ದು ಎಂಥಾದ್ದು ಅಂತ ನನಗೆ ಗೊತ್ತಿತ್ತು. ಹೆಚ್ಚು ಕೇಳಿ ಕೆಡಿಸ್ಕೊಳ್ಳೋ ಧೈರ್ಯ ಬರಲಿಲ್ಲ.”

ವರ್ನಾ ಅವನ ಮುಖವನ್ನೇ ನೋಡುತ್ತಿದ್ದಳು. ಅವನ ಕಣ್ಣಲ್ಲಿ ನೀರಿತ್ತು. ಅದು ನಿಜವಾದ ನೀರು. ಕಥೆಯೂ ಎಲ್ಲ ಕಡೆ ಸರಿಯಾಗಿ ಕೂರುತ್ತಿತ್ತು. ಬೆರಳು, ಗಾಜು, ತಾಯಿ, ಎಲ್ಲಕ್ಕೂ ಉತ್ತರವಿತ್ತು.

“ಡೆಲ್ಫಿಯಾಗೆ ಗೊತ್ತಾ?”

“ಇಲ್ಲ. ಅವಳಿಗೆ ಹೇಳ್ಬೇಡ ವರ್ನಾ. ನಿನ್ನ ಕಾಲು ಹಿಡೀತೀನಿ.”

“ಬದುಕಿರೋ ಗಂಡನ ಹೆಂಡತೀನ ನೀನು ಚರ್ಚಿನಲ್ಲಿ ನಿಲ್ಲಿಸಿ ಕಟ್ಟಿಕೊಳ್ತೀಯಾ? ಅವಳಿಗೇ ತಿಳಿಸದೆ?”

ಹಾರ್ಲೆಸ್ ಟೊಪ್ಪಿಗೆಯ ಅಂಚನ್ನು ಬೆರಳಲ್ಲಿ ತಿರುಗಿಸತೊಡಗಿದ.

“ಸಂಜೆವರೆಗೆ ಟೈಮ್ ಕೊಡ್ತೀನಿ” ಎಂದಳು. “ನೀನೇ ಹೋಗಿ ಹೇಳು. ಆಮೇಲೆ ಶನಿವಾರ ಏನಾಗಬೇಕು ಅನ್ನೋದು ಅವಳಿಗೆ ಬಿಟ್ಟದ್ದು. ಸಂಜೆಗೆ ಹೇಳದಿದ್ರೆ ನಾನು ಹೇಳ್ತೀನಿ.”

“ಸರಿ” ಎಂದ ಹಾರ್ಲೆಸ್. ಎದ್ದು ಟೊಪ್ಪಿಗೆ ಹಾಕಿಕೊಂಡ. ಬಾಗಿಲಲ್ಲಿ ಅರೆಕ್ಷಣ ನಿಂತ. “ಇನ್ಯಾರಿಗಾದ್ರೂ ಹೇಳಿದ್ದೀಯಾ?”

“ಇನ್ನೂ ಇಲ್ಲ.”

ಅವನು ತಲೆಯಾಡಿಸಿ ಹೊರಟುಹೋದ. ಗಾರ್ನೆಟ್ ಎತ್ತಿಟ್ಟ ಪೆಟ್ಟಿಗೆಗಳ ಮೇಲೆ ಹಗ್ಗ ಬಿಗಿಯುವಾಗ ಅವನ ಕೈ ನಡುಗಲಿಲ್ಲ. ವರ್ನಾ ಅದನ್ನು ಗಮನಿಸಿದಳು. ಗಮನಿಸಿದ್ದಕ್ಕೆ ತನ್ನ ಮೇಲೇ ಬೇಸರಪಟ್ಟುಕೊಂಡಳು.

*

ಒರ್ಲೀನಾಳ ಮನೆಗೆ ಹೋಗುವ ದಾರಿ ಡೆಲ್ಫಿಯಾಳ ಮನೆಯ ಮುಂದೆಯೇ ಹಾಯುತ್ತದೆ. ಸೆಪ್ಟೆಂಬರಿನ ಬಿಸಿಲು ಹದವಾಗಿತ್ತು. ಒಣಗಲು ತೂಗುಹಾಕಿದ ಹೊಗೆಸೊಪ್ಪಿನ ಕಂಪು ರಸ್ತೆಗೂ ಬರುತ್ತಿತ್ತು. ಮುದುಕಿಗೆ ಯಾವ ಮಾತಿನಿಂದ ಶುರುಮಾಡಲಿ ಎಂದು ಯೋಚಿಸುತ್ತ ವರ್ನಾ ಗಾಡಿಯನ್ನು ನಿಧಾನವಾಗಿ ಓಡಿಸುತ್ತಿದ್ದಳು. ನಿನ್ನ ಮಗ ಬದುಕಿದ್ದಾನೆ ಅಜ್ಜಿ, ನಿನ್ನ ಕಿವಿ ಸುಳ್ಳಾಡಿಲ್ಲ. ಅದನ್ನು ಹೇಳುವ ಕ್ಷಣಕ್ಕಾಗಿ ಅವಳ ಮನಸ್ಸು ಹಗುರಾಗುತ್ತಿತ್ತು.

“ವರ್ನಾ! ನಿಲ್ಲು.”

ಡೆಲ್ಫಿಯಾ ಜಗಲಿಯಲ್ಲಿ ಕೂತು ಸೇಬು ಹೆಚ್ಚುತ್ತಿದ್ದಳು. ಮದುವೆಯ ಕೇಕಿಗೆ. ನೆಂಟರಿಷ್ಟರು ತಲಾ ಒಂದೊಂದು ಪದರ ತರುತ್ತಾರೆ, ನಡುವೆ ಮೆತ್ತುವ ಸೇಬಿನ ಹೂರಣ ಮದುಮಗಳ ಮನೆಯದು. ತೆಳ್ಳಗಿನ, ಗಟ್ಟಿ ಮೂಳೆಯ ಹೆಂಗಸು. ಚರ್ಚಿನಲ್ಲಿ ಗಂಡನ ನೆನಪಿಗೆ ನಡೆದ ಪ್ರಾರ್ಥನೆಯಲ್ಲಿ ಅವಳು ಅಳಲಿಲ್ಲವೆಂದು ಊರು ಆಡಿಕೊಂಡಿತ್ತು.

ವರ್ನಾ ಮೆಟ್ಟಿಲ ಮೇಲೆ ಕೂತಳು. ಡೆಲ್ಫಿಯಾ ಒಂದು ಹೋಳು ಅವಳ ಕೈಗೆ ಕೊಟ್ಟಳು.

“ಚರ್ಚಿನ ಕಡೆಯಿಂದ ಬರ್ತಿದ್ದೀಯ. ಬೆಳಗಿನಿಂದ ಅಲ್ಲೇ ಇದ್ದೆಯಂತೆ.”

“ಹೌದು.”

“ಹಾಗಾದ್ರೆ ಗೊತ್ತಾಗಿರುತ್ತೆ” ಎಂದಳು ಡೆಲ್ಫಿಯಾ, ಚಾಕುವಿನಿಂದ ಕಣ್ಣೆತ್ತದೆ. “ಈಸ್ಟರ್‌ನಲ್ಲಿ ಎಸ್ಟೆಲ್ ಬಂದಿದ್ದ ಅಂತ.”

ಬಾಯಿಗೊಯ್ದ ಹೋಳು ವರ್ನಾಳ ಕೈಯಲ್ಲೇ ಉಳಿಯಿತು.

“ಶುಕ್ರವಾರ ಮಧ್ಯಾಹ್ನ ಈ ಮನೆಯ ಹಿಂಬಾಗಿಲಿಗೆ ಬಂದ. ನಾನು ಬಟ್ಟೆ ಹಿಂಡ್ತಿದ್ದೆ. ಅವನ ಕೈ ನೋಡಿ ಮೊದಲು ಬೈದೆ, ಆಮೇಲೆ ಅತ್ತೆ. ಒಳಗೆ ಬಾ ಅಂದೆ. ಬರಲಿಲ್ಲ. ‘ಇಲ್ಲ ಡೆಲ್ಫಿ, ಹಿಂಬಾಗಿಲಿಂದ ಬರಲ್ಲ. ಹಾರ್ಲೆಸ್ ಜೊತೆ ಒಂದು ಮಟ್ಟು ಶುರುಮಾಡಿದ್ದೀನಿ, ಇನ್ನೂ ಮನಸ್ಸಿಗೆ ಬಂದಿಲ್ಲ. ಅದು ಕೂತ ಮೇಲೆ ಸೋಮವಾರ ಬೆಳಿಗ್ಗೆ ಮುಂಬಾಗಿಲಿಂದ ಬರ್ತೀನಿ. ಅಮ್ಮನ್ನ ಇಲ್ಲಿಗೆ ಕರೆಸಿರು. ಕಾರಣ ಹೇಳ್ಬೇಡ’ ಅಂದ.”

“ಸೋಮವಾರ ಬೆಳಿಗ್ಗೆ” ಎಂದಳು ವರ್ನಾ.

“ಅತ್ತೆ ಬಂದು ಇದೇ ಜಗಲಿಯಲ್ಲಿ ಕೂತಿದ್ದರು. ಹಂದಿಮಾಂಸ ಬೇಯಿಸಿದ್ದೆ. ಯಾಕೇ ಇಷ್ಟು ಅಡುಗೆ ಅಂತ ಕೇಳಿದರು. ಸುಮ್ಮನೆ ಅಂದೆ.” ಡೆಲ್ಫಿಯಾ ಸೇಬಿನ ಬೀಜ ಕೊರೆದು ಬಿಸಾಡಿದಳು. “ಅವನು ಬರಲಿಲ್ಲ. ಸಂಜೆ ಹಾರ್ಲೆಸ್ ಬಂದ. ಯಾವಾಗಿನ ಹಾಗೆ ಸೌದೆ ಸೀಳಿದ. ಊಟಕ್ಕೆ ಕೂತ. ಒಂದು ಮಾತು ಆಡಲಿಲ್ಲ ವರ್ನಾ. ಎಸ್ಟೆಲ್ ಬಂದಿದ್ದ ಅಂತ ಒಂದು ಮಾತು. ಆಗ ನನಗೆ ತಿಳೀತು.”

“ಅವನು ಹೇಳೋದೇ ಬೇರೆ. ನಿನ್ನನ್ನ ತನಗೆ ಬಿಟ್ಟುಕೊಟ್ಟು ಎಸ್ಟೆಲ್ ಕೆಂಟಕಿಗೆ ಹೋದ ಅಂತಾನೆ.”

“ಎಸ್ಟೆಲ್ ತನ್ನ ಬಿಲ್ಲಿಗೆ ಹಚ್ಚೋ ರಾಳದ ಉಂಡೇನ ಇನ್ನೊಬ್ಬನಿಗೆ ಬಿಟ್ಟುಕೊಟ್ಟವನಲ್ಲ.”

ವರ್ನಾಳಿಗೆ ನಗು ಬರಬೇಕಿತ್ತು. ಬರಲಿಲ್ಲ.

“ಶೆರಿಫ್ ಹತ್ರ ಯಾಕೆ ಹೋಗಲಿಲ್ಲ?”

“ಹೋಗಿ ಏನನ್ನಲಿ? ನದೀಲಿ ಸತ್ತ ಗಂಡ ಹಿತ್ತಲಿಗೆ ಬಂದಿದ್ದ, ಈಗ ಮತ್ತೆ ಕಾಣಿಸ್ತಿಲ್ಲ ಅಂತಲೇ? ಹುಚ್ಚು ಹಿಡಿದಿದೆ ಅಂತ ಮನೆಗೆ ಕಳಿಸ್ತಿದ್ದರು. ಕೈಯಲ್ಲಿ ಏನೂ ಇರಲಿಲ್ಲ. ಆಗಸ್ಟಿನಲ್ಲಿ ರೆಕಾರ್ಡು ಬಂದಾಗಲೇ ನಾನು ಅವನನ್ನ ಮತ್ತೆ ಕೇಳಿದ್ದು.”

“ಅದೇ ನನಗೆ ಹೊಂದ್ತಿಲ್ಲ. ಹಾರ್ಲೆಸ್ ಏನಾದ್ರೂ ಮಾಡಿದ್ರೆ ಆ ಟೇಪನ್ನ ಸುಟ್ಟುಹಾಕ್ತಿದ್ದ. ರೆಕಾರ್ಡಿಗೆ ಯಾಕೆ ಹಾಕ್ತಾನೆ?”

ಡೆಲ್ಫಿಯಾ ಮೊದಲ ಸಲ ತಲೆ ಎತ್ತಿದಳು. “ಆ ಮಟ್ಟಿನಲ್ಲಿ ಬ್ಯಾಂಜೊ ಕೇಳಿದ್ದೀಯಾ? ಹಾರ್ಲೆಸ್ ಜನ್ಮದಲ್ಲಿ ಅಷ್ಟು ಚೆನ್ನಾಗಿ ನುಡಿಸಿಲ್ಲ. ಇನ್ನು ನುಡಿಸೋದೂ ಇಲ್ಲ. ಅದು ಅವನಿಗೂ ಗೊತ್ತು. ವಾದ್ಯದವನು ಅಂಥಾದ್ದನ್ನ ಸುಡಲಾರ ಕಣೇ. ಕೊರಳಿಗೆ ಹಗ್ಗ ಬಿದ್ರೂ ಸುಡಲಾರ.”

ಅವಳು ಇನ್ನೊಂದು ಸೇಬು ಕೈಗೆತ್ತಿಕೊಂಡಳು.

“ಮತ್ತೆ ಈ ಮದುವೆ?” ಎಂದಳು ವರ್ನಾ.

“ಹಾರ್ಲೆಸ್ ಮಾಂಸ ಹೊಗೆಗಿಡೋ ಹೊಗೆಮನೆಗೆ ಏಪ್ರಿಲ್‌ನಿಂದ ಬೀಗ ಇದೆ. ಬಾವಿಗೆ ಹಲಗೆ ಹೊಡೆದಿದ್ದಾನೆ. ಹೊರಗಿನವಳಾಗಿ ನಾನು ಆ ಅಂಗಳದಲ್ಲಿ ಎಷ್ಟು ಹೊತ್ತು ನಿಲ್ಲಬಹುದು? ಮನೆಯ ಹೆಂಗಸಾದ್ರೆ ಯಾವ ಬಾಗಿಲು ತೆಗೆದ್ರೂ ಯಾರೂ ಕೇಳಲ್ಲ.”

ವರ್ನಾ ಸೇಬಿನ ಹೋಳನ್ನು ಮೆಟ್ಟಿಲ ಮೇಲಿಟ್ಟಳು. ಬೆಳಗಿನ ತನ್ನ ಜಾಣತನ ಅವಳಿಗೆ ಈಗ ಬೇರೆಯಾಗಿ ಕಾಣತೊಡಗಿತು. “ಡೆಲ್ಫಿಯಾ, ಎಸ್ಟೆಲ್ ಬಂದದ್ದು ನನಗೆ ಗೊತ್ತು ಅಂತ ನಾನು ಹಾರ್ಲೆಸ್‌ಗೆ ಹೇಳಿಬಿಟ್ಟೆ. ನಿನಗೆ ಸಂಜೆಯೊಳಗೆ ಹೇಳು ಅಂತ ಗಡುವನ್ನೂ ಕೊಟ್ಟೆ.”

ಡೆಲ್ಫಿಯಾಳ ಚಾಕು ನಿಂತಿತು. ಅವಳು ಬೈಯಲಿಲ್ಲ. ಒಳಗೆ ಫೋನು ಹೊಡೆದುಕೊಳ್ಳತೊಡಗಿತು. ಕೈ ಒರೆಸಿಕೊಂಡು ಎದ್ದು ಹೋದಳು. ತೆರೆದ ಬಾಗಿಲಿಂದ ವರ್ನಾಳಿಗೆ ಅವಳ ಬೆನ್ನು ಕಾಣುತ್ತಿತ್ತು. ಬಹಳ ಹೊತ್ತು ಕೇಳಿಸಿಕೊಂಡಳು. ಕೊನೆಗೆ “ಸರಿ, ಆಗಲಿ” ಎಂದಷ್ಟೇ ಹೇಳಿ ಇಟ್ಟಳು.

ಬಾಗಿಲಿಗೆ ಬಂದು ನಿಂತಾಗ ಅವಳ ಮುಖ ಶಾಂತವಾಗಿತ್ತು.

“ಹಾರ್ಲೆಸ್. ಪಾದ್ರಿಯ ಮನೆಯಿಂದ ಮಾತಾಡಿದ. ಶನಿವಾರದವರೆಗೆ ಕಾಯೋದು ಬೇಡವಂತೆ, ಮನಸ್ಸು ತಡೀತಿಲ್ಲವಂತೆ. ಮದುವೆ ಪರವಾನಗಿ ಹೇಗೂ ಕೈಯಲ್ಲಿದೆ. ಪಾದ್ರಿಯನ್ನ ಕೂರಿಸ್ಕೊಂಡು ಈಗಲೇ ಬರ್ತಿದ್ದಾನೆ.”

“ಎಸ್ಟೆಲ್ ಬಂದಿದ್ದ ವಿಷಯ ಹೇಳಿದನಾ?”

“ಒಂದು ಮಾತೂ ಇಲ್ಲ.”

ವರ್ನಾ ಎದ್ದು ನಿಂತಳು. ನ್ಯಾಯಾಲಯದ ಗೋಡೆಗೊರಗಿ ಅವಳು ವರ್ಷಗಟ್ಟಲೆ ಕೇಳಿದ್ದ ಕಾನೂನು ಒಮ್ಮೆಗೇ ನೆನಪಾಯಿತು. “ಮಾಡ್ಕೋಬೇಡ ಡೆಲ್ಫಿಯಾ. ಈ ರಾಜ್ಯದಲ್ಲಿ ಗಂಡನ ಮೇಲೆ ಹೆಂಡತಿಯ ಸಾಕ್ಷಿ ನಡೆಯಲ್ಲ. ಎಸ್ಟೆಲ್ ನಿನ್ನ ಹಿಂಬಾಗಿಲಿಗೆ ಬಂದಿದ್ದು ಅವನಿಗೆ ಗೊತ್ತು. ಎಸ್ಟೆಲ್ಲೇ ಹೇಳಿರಬೇಕು. ನಿನ್ನ ಬಾಯಿ ಮುಚ್ಚಿಸೋಕೇ ಬರ್ತಿದ್ದಾನೆ.”

“ಎಸ್ಟೆಲ್ ಬದುಕಿದ್ರೆ ಈ ಮದುವೆ ಮದುವೆಯೇ ಅಲ್ಲ, ಅಲ್ವಾ? ಆಗ ನನ್ನ ಬಾಯಿ ಮುಚ್ಚಲ್ಲ.”

“ಅದೇ ಹೇಳ್ತಿರೋದು. ಬದುಕಿಲ್ಲ ಅಂತ ಖಾತ್ರಿ ಇರೋನಿಗೆ ಮಾತ್ರ ಈ ಆತುರ.”

ಡೆಲ್ಫಿಯಾ ಬಾಗಿಲ ಚೌಕಟ್ಟಿಗೆ ಕೈಯೂರಿ ನಿಂತಳು. ಏಪ್ರಿಲ್‌ನಿಂದ ತಡೆದಿಟ್ಟಿದ್ದ ಏನೋ ಅವಳ ಎದೆಯಿಂದ ಒಂದೇ ಉಸಿರಾಗಿ ಹೊರಬಂತು. ಅಷ್ಟೇ. ಮತ್ತೆ ನೆಟ್ಟಗಾದಳು. ದೂರದ ತಿರುವಿನಲ್ಲಿ ಧೂಳು ಏಳುತ್ತಿತ್ತು.

“ಒಳಗೆ ಬಾ ವರ್ನಾ” ಎಂದಳು. “ನನ್ನ ಬಾಯಿ ಮುಚ್ಚಿದ್ರೂ ಆ ಬೀಗ ತೆಗೆಯೋ ಕೈ ಇರುತ್ತಲ್ಲ. ಮದುವೆ ಉಡುಪಿನ ಬೆನ್ನ ಹಿಂದಿನ ಗುಂಡಿ ನನಗೆ ಎಟುಕಲ್ಲ. ಹಾಕಿಕೊಡು.”